ಲಗತ್ತಿಸಿದ ನೂಲಿನ ಅಳತೆಯಂತೆ

ಗಜೇಂದ್ರಗಡದ ನೇಕಾರ ನಿಜಲಿಂಗಪ್ಪನಿಗೆ ಈ ಜಗತ್ತಿನಲ್ಲಿ ಎರಡು ಸಂಗತಿಗಳ ಮೇಲೆ ನಂಬಿಕೆ ಇರಲಿಲ್ಲ. ಒಂದು ಬಸ್ಸಿನ ವೇಳಾಪಟ್ಟಿ, ಇನ್ನೊಂದು ಅಳತೆಯ ಟೇಪು.

"ಟೇಪ ಮಾಡಿದಾಂವ ಯಾವನೋ, ಎಲ್ಲ್ಯಾಂವನೋ. ನೂಲು ನಮ್ಮ ಕೈಯಾಗ ಆಡಿ ಬೆಳದದ್ದು, ಸುಳ್ಳ ಹೇಳಂಗಿಲ್ಲ" ಎನ್ನುತ್ತಿದ್ದ.

ಹೀಗಾಗಿ ಏನನ್ನೇ ಅಳೆಯಲಿ, ನೂಲಿನಿಂದ ಅಳೆದು, ತುದಿಗೊಂದು ಗಂಟು ಬಿಗಿದು, ಬೆರಳಿಗೆ ಸುತ್ತಿ, ಅಂಗಿಯ ಗುಂಡಿಯಷ್ಟು ಉಂಡೆ ಮಾಡಿ ಕಿಸೆಗೆ ಇಳಿಸುವುದು ಅವನ ಪದ್ಧತಿ. ಆ ಕಿಸೆಯಲ್ಲಿ ಅರ್ಧ ಓಣಿಯ ಸಂಸಾರವಿತ್ತು: ಪಕ್ಕದ ಮನೆಯ ಕಿಟಕಿಯ ಅಗಲ, ಯಾರದೋ ತೊಟ್ಟಿಲ ಉದ್ದ, ಎರಡು ವರ್ಷದ ಹಿಂದೆ ತೀರಿಕೊಂಡ ಎಮ್ಮೆಯ ಕೊರಳಿನ ಸುತ್ತಳತೆ. ಯಾವ ಉಂಡೆ ಯಾವುದರದು ಎಂಬುದು ಬೆರಳು ಮುಟ್ಟಿದ ಕೂಡಲೇ ತನಗೆ ತಿಳಿಯುತ್ತದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಪಕ್ಕದ ಮನೆಯವರಿಗೆ ಅವನು ನೇಯ್ದುಕೊಟ್ಟ ಕಿಟಕಿಯ ಪರದೆ ಎಮ್ಮೆಯ ಕೊರಳಿಗೆ ಹೇಳಿ ಮಾಡಿಸಿದಂತಿತ್ತು ಎಂಬುದನ್ನು ಇಲ್ಲಿ ಎತ್ತಿ ಆಡುವುದು ಸೌಜನ್ಯವಲ್ಲ.

ಈ ನಿಜಲಿಂಗಪ್ಪನ ಮಗಳು ಅನ್ನಪೂರ್ಣ. ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಆ ಕೊರತೆಯನ್ನು ನಾಲಿಗೆ ಬಡ್ಡಿ ಸಮೇತ ತುಂಬಿಕೊಟ್ಟಿತ್ತು. ಅವಳಿಗೆ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಸೀಟು ಸಿಕ್ಕಿತು. ಅಲ್ಲಿನ ಮಹಿಳಾ ವಸತಿ ನಿಲಯದಲ್ಲಿ ನೆಲಮಟ್ಟದ ಕೋಣೆಯೊಂದು ಖಾಲಿಯೂ ಇತ್ತು. ಆದರೆ ಆ ನೆಲಮಟ್ಟವು ನೆಲದಿಂದ ಎರಡು ಫೂಟು ಮೇಲಿತ್ತು. ನಾಲ್ಕು ಮೆಟ್ಟಿಲು.

ವಾರ್ಡನ್ ಬಾಯಿ ಖಡಾಖಂಡಿತವಾಗಿ ಹೇಳಿದ್ದರು: "ಇಪ್ಪತ್ತನೇ ತಾರೀಖಿಗೆ ತಪಾಸಣಾ ಸಮಿತಿ ಬರ್ತೈತಿ. ಏನ ಕಟ್ಟಿದ್ರೂ ಅದರೊಳಗ ಕಟ್ತಾರ, ಆಮ್ಯಾಲೆ ಒಂದ ಇಟ್ಟಂಗೀನೂ ಅಲುಗಾಡಂಗಿಲ್ಲ. ಅಷ್ಟ್ರಾಗ ಇಳಿಜಾರಾತು, ಕೋಣಿ ನಿಂದು. ಇಲ್ಲಾಂದ್ರ ಇಪ್ಪತ್ತೊಂದಕ್ಕ ಇನ್ನೊಬ್ಬಾಕಿಗೆ."

ಹೊರಗೆ ಬಾಡಿಗೆಗೆ ಸಿಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಗಜೇಂದ್ರಗಡದಿಂದ ದಿನಾ ಹೋಗಿಬರಲು ನಾಲ್ಕು ನಾಲ್ಕು ತಾಸು. ಕೋಣೆ ಇಲ್ಲವೆಂದರೆ ಸೀಟೂ ಇಲ್ಲ.

ಇದೇ ಹೊತ್ತಿಗೆ ಅಸೂಟಿಯಿಂದ ನಿಜಲಿಂಗಪ್ಪನ ಅಕ್ಕ ಸಾವಕ್ಕ ಬಂದಳು. ಬಸುರಿ ಸೊಸೆಯ ಕುಬುಸದ ಕಾರ್ಯ, ಅತ್ತೆಯಾದವಳಿಗೆ ಎಂಟು ಗಜದ ಹೊಸ ಸೀರೆ ಬೇಕು. ತನ್ನ ಹಳೆಯ ಸೀರೆಯನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ, ತಮ್ಮನ ಕೈಯಿಂದ ನೂಲು ಹಿಡಿಸಿ ಅಳತೆ ಕೊಟ್ಟಳು. ಜೊತೆಗೆ ಪುಕ್ಕಟೆ ಸಲಹೆಯನ್ನೂ ಕೊಟ್ಟಳು.

"ಹುಡುಗೀನ್ನ ಅಷ್ಟ ದೂರ ಯಾಕ ಕಳಸ್ತೀಯೋ ತಮ್ಮಾ? ಮನ್ಯಾಗ ಕುಂತ ಪೋಸ್ಟಿನಾಗ ಕಲೀಲಿ. ಮನ್ಯಾಗ ಮಾಡಿದ್ರ ಲೆಕ್ಕ ತಪ್ಪತಾವೇನು?"

"ಹಂಗಾರ ಅತ್ತೀ, ನಿನ್ನ ಸೊಸಿ ಕುಬುಸಾನೂ ಪೋಸ್ಟಿನಾಗ ಮಾಡು" ಎಂದಳು ಅನ್ನಪೂರ್ಣ.

ಸಾವಕ್ಕ ಆ ದಿನ ಚಹಾ ಕುಡಿಯದೆ ಎದ್ದು ಹೋದಳು. ಎಂಟು ಗಜದ ಉಂಡೆ ನಿಜಲಿಂಗಪ್ಪನ ಕಿಸೆಯಲ್ಲಿ ಉಳಿಯಿತು.

ಎರಡು ದಿನ ಬಿಟ್ಟು ತಂದೆ ಮಗಳು ವಿಶ್ವವಿದ್ಯಾಲಯಕ್ಕೆ ಹೋದರು. ಅಂಗವಿಕಲ ವಿದ್ಯಾರ್ಥಿಗಳ ಸೌಲಭ್ಯ ಶಾಖೆ ಮಹಡಿಯ ಮೇಲಿತ್ತು, ಲಿಫ್ಟ್ ಇರಲಿಲ್ಲ. ಬಹಳ ಪ್ರಶಾಂತವಾದ ಶಾಖೆ. ಅಲ್ಲಿಗೆ ಬರಬೇಕಾದವರು ಯಾರೂ ಬರುತ್ತಿರಲಿಲ್ಲ. ಅನ್ನಪೂರ್ಣ ಕೆಳಗೆ ಮೆಟ್ಟಿಲ ಬುಡದಲ್ಲಿ ಉಳಿದಳು. ಅವಳ ಅರ್ಜಿ ತಂದೆಯ ಕೈಯಲ್ಲಿ ಮೇಲೆ ಹೋಯಿತು.

ಶಾಖೆಯ ಅಧೀಕ್ಷಕ ಲಕ್ಷ್ಮಪ್ಪನವರು ಅರ್ಜಿ ಓದಿ ಕನ್ನಡಕ ತೆಗೆದರು.

"ಇಪ್ಪತ್ನಾಕ ಫೂಟ ಇಳಿಜಾರು? ವಿಮಾನ ಇಳಸಾವ್ರೇನ್ರಿ ಯಜಮಾನ್ರ?"

"ಮಗಳು ಬರದಾಳ್ರಿ ಸಾಹೇಬ್ರ. ಒಂದ ಫೂಟ ಎತ್ತರಕ್ಕ ಹನ್ನೆರಡ ಫೂಟ ಉದ್ದ ಬೇಕಂತ್ರಿ. ಹಂಗ ನಿಯಮ ಐತ್ಯಂತ."

"ನಿಯಮ ನಮಗೂ ಗೊತ್ತೈತಿ. ನಿಯಮಕ್ಕ ನಮ್ಮ ಜಾಗಾ ಗೊತ್ತಿಲ್ಲ. ಮೆಟ್ಟಲದಿಂದ ಎಂಟ ಫೂಟಿಗೆ ದೊಡ್ಡ ಸಾಹೇಬ್ರ ಕಾರ ನಿಂದರ್ತೈತಿ. ಅಲ್ಲೀತನಕ ಮಾಡೂಣು. ಹಿಂದಿನಿಂದ ಯಾರರೆ ದಬ್ಬಿದ್ರ ಏರ್ತಾಳ."

ಕೆಳಗಿನಿಂದ ಮಗಳ ದನಿ ಮೆಟ್ಟಿಲು ಏರಿ ಬಂತು. ಅದಕ್ಕೆ ಇಳಿಜಾರು ಬೇಕಿರಲಿಲ್ಲ. "ಅಪ್ಪಾ! ಎಂಟ ಫೂಟಿನಾಗ ಏರಾಕ ಆಗಂಗಿಲ್ಲ, ಜಾರಾಕ ಅಷ್ಟ ಬರ್ತೈತಿ! ಅದು ಸಣ್ಣ ಹುಡುಗರ ಜಾರಬಂಡಿ ಅಂತ ಹೇಳು ಅವರಿಗೆ!"

"ಏನಂತಾಳ್ರಿ?" ಲಕ್ಷ್ಮಪ್ಪನವರು ಕೇಳಿದರು.

"ನಿಮಗ ನಮಸ್ಕಾರ ಹೇಳಾಕತ್ತಾಳ್ರಿ" ಎಂದ ನಿಜಲಿಂಗಪ್ಪ.

ಟೇಬಲ್ಲಿನ ಆಚೆ ಕುಳಿತವರು ಏನೇ ಹೇಳಲಿ, ಈಚೆ ನಿಂತು 'ಹೌದ್ರಿ' ಎನ್ನುವುದು ಅವನಿಗೆ ಎಳವೆಯಿಂದ ಬಂದ ಅಭ್ಯಾಸ. ಕೆಳಗಿಳಿದು, ಮಗಳ ಕಣ್ಣು ತಪ್ಪಿಸಿ, ವಸತಿ ನಿಲಯದ ಮೆಟ್ಟಿಲಿನಿಂದ ಕಾರಿನ ಮೂತಿಯವರೆಗೆ ನೂಲು ಹಿಡಿದು, ಎಂಟು ಫೂಟು ಅಳೆದು, ಗಂಟು ಬಿಗಿದು, ಉಂಡೆ ಮಾಡಿ ಕಿಸೆಗೆ ಹಾಕಿಕೊಂಡು ಮತ್ತೆ ಮಹಡಿ ಹತ್ತಿದ.

ಲಕ್ಷ್ಮಪ್ಪನವರು ಮೂವತ್ತು ವರ್ಷದ ಸೇವೆಯಲ್ಲಿ ಕಾಗದದ ಮೇಲೆ ಒಂದೂ ಅಂಕಿ ಬರೆದವರಲ್ಲ. ಅಂಕಿ ಬರೆದರೆ ನಾಳೆ ಯಾರಾದರೂ ಆ ಅಂಕಿಯನ್ನು ಹಿಡಿದುಕೊಂಡು ಕೇಳಲು ಬರುತ್ತಾರೆ. ಆದ್ದರಿಂದ 'ಉದ್ದ' ಎಂಬಲ್ಲಿ ಅವರು ರೂಢಿಯಂತೆ 'ಲಗತ್ತಿಸಿದ ಅಳತೆಯಂತೆ' ಎಂದು ಬರೆದು ಕೈ ಚಾಚಿದರು.

"ತರ್ರಿ ಅಳತಿ."

ಕಿಸೆಯಲ್ಲಿ ಆಗ ಎರಡು ಹೊಸ ಉಂಡೆಗಳಿದ್ದವು, ಎರಡೂ ಒಂದೇ ಬಿಳಿ ನೂಲಿನವು: ಸಾವಕ್ಕನ ಸೀರೆಯದು, ಇಳಿಜಾರಿನದು. ಒಂದು ಸ್ವಲ್ಪ ದಪ್ಪ, ಒಂದು ಸ್ವಲ್ಪ ತೆಳ್ಳಗೆ. ಮುಟ್ಟಿದ ಕೂಡಲೇ ತಿಳಿಯುವ ಆ ಬೆರಳುಗಳು ಒಳಗೆ ಹೋಗಿ, ತಿಳಿದು, ದಪ್ಪನೆಯದನ್ನು ಹೊರತಂದವು.

"ಇದೇನ್ರಿ, ನೂಲು?"

"ಅಳತಿ ಅಲ್ರಿ? ಬರದದ್ದು ಅಳಿಸ್ತೈತ್ರಿ ಸಾಹೇಬ್ರ, ನೂಲು ಅಳಿಸಂಗಿಲ್ಲ."

ಊಟದ ವೇಳೆಯಾಗಿತ್ತು. ಲಕ್ಷ್ಮಪ್ಪನವರು ವಾದಕ್ಕೆ ಇಳಿಯದೆ, ಉಂಡೆಯನ್ನು ಅರ್ಜಿಗೆ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು, ಮೊಹರು ಒತ್ತಿದರು. ಆವಕ ಪುಸ್ತಕದಲ್ಲಿ ನಮೂದಾಯಿತು: 'ನೂಲಿನ ಉಂಡೆ, ಒಂದು.'

ಇಬ್ಬರೂ ಊರಿನ ಬಸ್ಸು ಹತ್ತಿದರು. ನರಗುಂದ ಬಂದಾಗ ಮಗಳು ಬಾಯಿ ಬಿಟ್ಟಳು.

"ಅಪ್ಪಾ, ನೀ ಎಂಟ ಫೂಟಿಗೆ ಹೂಂ ಅಂದ್ ಬಂದಿ. ನಾ ಎಂಟ ದಿನದಾಗ ಅದರ ಮ್ಯಾಲಿಂದ ಬಿದ್ದ ಮನಿಗೆ ಬರ್ತೀನಿ. ಮುಂದ ಅತ್ತಿ ಪೋಸ್ಟಿನಾಗ ಕಲಸ್ತಾಳ."

ನಿಜಲಿಂಗಪ್ಪ ಕಿಟಕಿಯಿಂದ ಹೊರಗೆ ನೋಡುತ್ತ ನರಗುಂದದ ಗುಡ್ಡವನ್ನು ಮನಸ್ಸಿನಲ್ಲೇ ಅಳೆದ.

ಮರುದಿನ ಅವನು ಉಳಿದ ಉಂಡೆಯನ್ನು ಮುನಾವರನಿಗೆ ಕೊಟ್ಟ. ಹಾಸಿನ ನೂಲನ್ನು ಅಳತೆಗೆ ತಕ್ಕಂತೆ ಉದ್ದಕ್ಕೆ ಎಳೆದು ಸುತ್ತಿಕೊಡುವುದು ಮುನಾವರನ ಕಸುಬು. ಉಂಡೆ ಬಿಚ್ಚಿದ ಮುನಾವರ ಇನ್ನೂ ಬಿಚ್ಚಲು ಹೋದ. ನೂಲು ಮುಗಿದಿತ್ತು.

"ನಿಜಲಿಂಗಣ್ಣಾ, ಸೀರಿ ಇಷ್ಟ ಉದ್ದ ಏನು?"

"ನೂಲು ಎಷ್ಟೈತೋ ಅಷ್ಟ. ನನ್ನ ಅಳತಿ ಎಂದಾದ್ರೂ ತಪ್ಪೇತೇನು?"

ಮುನಾವರನಿಗೆ ಎಮ್ಮೆಯ ಪರದೆ ನೆನಪಾಯಿತು, ಆದರೆ ಹಿರಿಯ ಮನುಷ್ಯನ ಎದುರು ಆಡಲಿಲ್ಲ. "ಯಾರಿಗಂತ..." ಎಂದು ಮೆಲ್ಲಗೆ ಶುರುಮಾಡಿದ.

ನಿಜಲಿಂಗಪ್ಪ ಸುತ್ತಲೂ ನೋಡಿ ದನಿ ತಗ್ಗಿಸಿದ. "ಅಕಿ ಹೆಸರು ಎತ್ತಬ್ಯಾಡೋ ಮಾರಾಯಾ. ಭಾಳ ಸಿಟ್ಟಿನಾಕಿ. ತಡಾ ಆತಂದ್ರ ಮನಿತನಾ ಸುಟ್ಟ ಬೂದಿ ಮಾಡ್ತಾಳ."

ಮುನಾವರನಿಗೆ ಎಲ್ಲ ಹೊಳೆಯಿತು. ಎಂಟು ಫೂಟಿನ ಸೀರೆ ಯಾವ ಹೆಣ್ಣುಮಗಳೂ ಉಡುವುದಲ್ಲ. ಅದು ಗುಡಿಯಲ್ಲಿ ನಿಂತ ದೇವಿಗೆ ಉಡಿಸುವ ಸೀರೆ. ಮಗಳ ಕೋಣೆಗಾಗಿ ನಿಜಲಿಂಗಣ್ಣ ಹರಕೆ ಹೊತ್ತಿದ್ದಾನೆ. ಹೊತ್ತ ಹರಕೆಯನ್ನು ತೀರುವ ಮೊದಲು ಬಾಯಿಬಿಟ್ಟು ಹೇಳಬಾರದು, ಇನ್ನೊಬ್ಬರು ಕೇಳಲೂ ಬಾರದು. ಮುನಾವರ ಚಪ್ಪಲಿ ಕಳಚಿಟ್ಟು ಹಾಸು ಎಳೆದ. ಅವನ ಹೆಂಡತಿ ಬೀಬಿಜಾನ ಈ ಗುಟ್ಟನ್ನು ಗುಟ್ಟಾಗಿಯೇ ಇಡಬೇಕೆಂಬ ಕರಾರಿನ ಮೇಲೆ ಮೂರೇ ಮಂದಿಗೆ ಹೇಳಿದಳು. ಸಂಜೆಯೊಳಗೆ ಇಡೀ ಓಣಿ ಗುಟ್ಟಾಗಿತ್ತು.

ಮಗ್ಗಕ್ಕೆ ಕೂಡುತ್ತಿದ್ದವಳು ನಿಜಲಿಂಗಪ್ಪನ ಹೆಂಡತಿ ಸುಧಾರಾಣಿ. ಗಿಡ್ಡ ಹಾಸನ್ನು ಕಂಡು ಅವಳಿಗೂ ಅದೇ ತಿಳಿಯಿತು; ಸಾವಕ್ಕನ ಸೀರೆ ಇದರ ನಂತರ ಎಂದುಕೊಂಡಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಗಂಡ ತನಗೆ ಹೇಳದೆ ಮಾಡಿದ ಮೊದಲ ಒಳ್ಳೆಯ ಕೆಲಸ! ಅವಳು ದಿನಾ ತಲೆಯ ಮೇಲೆ ನೀರು ಹಾಕಿಕೊಂಡು, ಒಪ್ಪೊತ್ತು ಉಂಡು ಮಗ್ಗದ ಕುಣಿಗೆ ಇಳಿಯತೊಡಗಿದಳು. ಅಡುಗೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಂದಾದವು.

"ಏನಿದು, ಪಲ್ಯಾ ಸಪ್ಪಗ?" ಎಂದ ನಿಜಲಿಂಗಪ್ಪ.

"ಯಾಕಂತ ನಿಮಗ ಗೊತ್ತಿಲ್ಲೇನ್ರಿ?" ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗೊತ್ತಿಲ್ಲ ಎಂದರೆ ತಪ್ಪಾಗಬಹುದು ಎನಿಸಿ ನಿಜಲಿಂಗಪ್ಪ ಗಂಭೀರವಾಗಿ ತಲೆಯಾಡಿಸಿ ಸಪ್ಪನೆಯ ಪಲ್ಯ ಉಂಡ. ಓಣಿಯ ಹೆಂಗಸರು ಬಂದು ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಬೀಬಿಜಾನ ಮಲ್ಲಿಗೆಯ ಮಾಲೆ ತಂದು ಮಗ್ಗದ ಮರಕ್ಕೆ ಹಾಕಿದಳು. ದಾರಿಯಲ್ಲಿ ಎದುರಾದವರು ನಿಜಲಿಂಗಪ್ಪನಿಗೆ ಬಾಗಿ ನಮಸ್ಕರಿಸಿದರು. ಮಗಳಿಗೆ ಎಂ.ಎಸ್ಸಿ. ಸೀಟು ಸಿಕ್ಕರೆ ತಂದೆಗೆ ಇಷ್ಟು ಮರ್ಯಾದೆ ಬರುತ್ತದೆಂದು ಅವನಿಗೆ ಮೊದಲು ತಿಳಿದಿರಲಿಲ್ಲ.

ಮರ್ಯಾದೆಯೇನೋ ಬಂತು, ಇಳಿಜಾರಿನ ಸುದ್ದಿ ಬರಲಿಲ್ಲ. ಅನ್ನಪೂರ್ಣ ದಿನಕ್ಕೆ ಹತ್ತು ಸಲ ಆಫೀಸಿಗೆ ಫೋನು ಮಾಡಿದಳು. ಫೋನು ಪ್ರಶಾಂತವಾಗಿ ಬಡಿದುಕೊಂಡು ಪ್ರಶಾಂತವಾಗಿ ಸುಮ್ಮನಾಗುತ್ತಿತ್ತು.

ಹದಿನೆಂಟನೇ ತಾರೀಖು ಸಾವಕ್ಕ ಸೀರೆ ಒಯ್ಯಲು ಬಂದಳು. ನಿಜಲಿಂಗಪ್ಪ ಮಡಿಕೆಯನ್ನು ಹೆಮ್ಮೆಯಿಂದ ಅಕ್ಕನ ಉಡಿಗೆ ಹಾಕಿದ. ಸುಧಾರಾಣಿ ಹೌಹಾರಿ ಎದ್ದು ನಿಲ್ಲುವಷ್ಟರಲ್ಲಿ ಸಾವಕ್ಕ ಮಡಿಕೆ ಬಿಚ್ಚಿ, ಉಟ್ಟ ಸೀರೆಯ ಮೇಲೆಯೇ ಒಂದು ಸುತ್ತು ಸುತ್ತಿಕೊಂಡಿದ್ದಳು. ಎರಡನೆಯ ಸುತ್ತಿಗೆ ಕೈ ಹಾಕಿದರೆ ಸೀರೆ ಇರಲಿಲ್ಲ.

"ಲೇ ತಮ್ಮಾ, ಉಳಿದದ್ದೆಲ್ಲೈತಿ?"

"ಯಾವ ಉಳಿದದ್ದು?"

"ಇದನ್ನ ಮುಂದ ಉಟ್ಕೊಳ್ಳಲೋ, ಹಿಂದ ಉಟ್ಕೊಳ್ಳಲೋ? ಕುಬುಸ ನನ್ನ ಸೊಸೀದೋ, ನಿನ್ನ ಗೊಂಬೀದೋ?"

ಗದ್ದಲಕ್ಕೆ ಓಣಿ ಸೇರಿತು. ಸಾವಕ್ಕನ ಸೊಂಟದ ಮೇಲೆ ಸೀರೆ ಕಂಡು ಬೀಬಿಜಾನ ಎರಡೂ ಕೈ ಬಾಯಿಗಿಟ್ಟಳು. "ಯಾ ಅಲ್ಲಾ! ದೇವಿ ಸೀರಿ ಉಟ್ಕೊಂಡಾರ! ಬಿಚ್ರಿ ಸಾವಕ್ಕಾರ, ಲಗೂ ಬಿಚ್ರಿ!"

ಸಾವಕ್ಕ ಬೆಚ್ಚಿ ಸೀರೆ ಕಿತ್ತೆಸೆದು ಗಲ್ಲ ಗಲ್ಲ ಬಡಿದುಕೊಂಡಳು. "ಯಾವ ದೇವೀದು? ನನಗ್ಯಾರೂ ಹೇಳ್ಲಿಲ್ಲಲ್ಲ!"

"ನನಗೂ ಯಾರೂ ಹೇಳಿಲ್ಲ" ಎಂದ ನಿಜಲಿಂಗಪ್ಪ.

"ನೀನ ಹೇಳಿದ್ಯಲ್ಲೋ ಅಣ್ಣಾ" ಎಂದು ಮುನಾವರ ಮುಂದೆ ಬಂದ. "ಭಾಳ ಸಿಟ್ಟಿನಾಕಿ, ತಡಾ ಆದ್ರ ಮನಿ ಸುಟ್ಟ ಬೂದಿ ಮಾಡ್ತಾಳ ಅಂತ."

"ಅದು ಅಕ್ಕಗ ಅಂದದ್ದು!"

ಹೇಳಿದ ಮೇಲೆ ನಿಜಲಿಂಗಪ್ಪ ಅಕ್ಕನ ಕಡೆ ನೋಡಿದ. ಆಮೇಲೆ ಐದು ನಿಮಿಷ ಓಣಿಯಲ್ಲಿ ಸಾವಕ್ಕನೊಬ್ಬಳದೇ ದನಿ. ಅದನ್ನು ಇಲ್ಲಿ ಬರೆಯಲು ಕಾಗದ ಒಪ್ಪುವುದಿಲ್ಲ.

ಇಷ್ಟರಲ್ಲಿ ಲೆಕ್ಕದ ಹುಡುಗಿ ಗಾಲಿಕುರ್ಚಿ ಉರುಳಿಸಿಕೊಂಡು ನಡುವೆ ಬಂದಳು. ನೆಲದ ಮೇಲಿನ ಸೀರೆಯನ್ನೂ ತಂದೆಯ ಕಿಸೆಯನ್ನೂ ನೋಡಿದಳು.

"ಅಪ್ಪಾ, ಇದರ ಉದ್ದ ಎಂಟ ಫೂಟು. ಇದು ನನ್ನ ಇಳಿಜಾರಿನ ಅಳತಿ. ಹಂಗಾರ ಅತ್ತಿ ನೂಲು ಎಲ್ಲೈತಿ?"

ನಿಜಲಿಂಗಪ್ಪ ಕಿಸೆಯನ್ನು ಬರಿದು ಮಾಡಿದ. ಕಿಟಕಿ ಸಿಕ್ಕಿತು, ತೊಟ್ಟಿಲು ಸಿಕ್ಕಿತು, ಎಮ್ಮೆ ಸಿಕ್ಕಿತು. ಅಕ್ಕ ಸಿಗಲಿಲ್ಲ. ಅವನು ಕಿಸೆಯ ಒಳಗನ್ನೂ ಹೊರಗೆ ತಿರುವಿದ.

"ಆಫೀಸಿನಾಗ ಐತಿ. ಅರಗ ಹಚ್ಚಿ ಮೊಹರ ಒತ್ಯಾರ. ಅವರು ಎಂಟ ಫೂಟ ಅಂದ್ರು, ನಾ ಎಂಟ ಗಜ ಕೊಟ್ಟ ಬಂದೀನಿ. ಸಾಹೇಬ್ರಿಗೆ ಚಾಷ್ಟಿ ಮಾಡ್ಯಾನ ಅಂತ ಫೈಲ ಒಗದ್ ಬಿಟ್ಟಿರ್ತಾರ. ಅದಕ್ಕ ಫೋನ ಎತ್ತವಲ್ರು. ನಿನ್ನ ಕೋಣಿ ಹೋತವಾ ಅನ್ನಪೂರ್ಣಾ!"

"ಗಜಕ್ಕ ಮೂರ ಫೂಟು" ಎಂದು ಅನ್ನಪೂರ್ಣ ತನ್ನಷ್ಟಕ್ಕೆ ಹೇಳಿಕೊಂಡಳು. ಎಂಟು ಮೂರಲಿ ಎಷ್ಟೆಂಬುದು ಎಂ.ಎಸ್ಸಿ.ಯ ಲೆಕ್ಕವಲ್ಲ. ಆದರೂ ಅದನ್ನು ಅವಳು ಎರಡು ಸಲ ಮಾಡಿದಳು. ಆಮೇಲೆ, "ನಾಳೆ ಹೋಗೂಣು. ಅಪ್ಪಾ, ಅಲ್ಲಿ ನೀ ಬಾಯಿ ತೆಗೀಬ್ಯಾಡ" ಎಂದಳು.

"ನಾನೂ ಬರ್ತೀನಿ" ಎಂದಳು ಸಾವಕ್ಕ. "ನನ್ನ ನೂಲು ನನಗ ಬೇಕು."

ದೇವಿಯ ಹೆಸರು ಬಂದ ಸೀರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಓಣಿ ತೀರ್ಮಾನಿಸಿತು. ಮರುದಿನ ಬೆಳಿಗ್ಗೆ, ಹೊರಡುವ ಮೊದಲು, ಯಾರೂ ಹೊರದ ಹರಕೆ ಊರದೇವಿ ದ್ಯಾಮವ್ವನ ಗುಡಿಯಲ್ಲಿ ತೀರಿತು. ಸೀರೆ ದ್ಯಾಮವ್ವನಿಗೆ ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ನೋಡಿದ್ರಿಲ್ಲೋ?" ಎಂದ ನಿಜಲಿಂಗಪ್ಪ, ಗುಡಿಯ ಮೆಟ್ಟಿಲು ಇಳಿಯುತ್ತ.

ಮುನಾವರನ ಮಗ ಜಾವೀದ ತನ್ನ ಗೂಡ್ಸ್ ಗಾಡಿಯಲ್ಲಿ ಗಾಲಿಕುರ್ಚಿ, ಹಾಸಿಗೆ, ಪುಸ್ತಕ ಮತ್ತು ಸಾವಕ್ಕನನ್ನು ಹೇರಿಕೊಂಡ. ಹಾಸಿಗೆ, ಪುಸ್ತಕ ಯಾಕೆಂದು ತಂದೆ ಕೇಳಿದ್ದಕ್ಕೆ, "ವಾಪಸ್ ತರಾಕ ಬರ್ತೈತಲ್ಲ" ಎಂದಳು ಮಗಳು. ರೋಣ ದಾಟುವವರೆಗೆ ಸಾವಕ್ಕ ತಮ್ಮನನ್ನು ಬೈದಳು. ನರಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನವರಿಗೆಲ್ಲ ಸಂಗತಿ ಹೇಳಿ ಅವರಿಂದಲೂ ಎರಡು ಮಾತು ಬೈಸಿದಳು. ಅಲ್ಲಿಂದ ಮುಂದೆ ಬೈಗುಳ ತೀರಿದ್ದರಿಂದ ಬೀಗರ ಮನೆಯ ಮೆಟ್ಟಿಲುಗಳನ್ನೂ ತನ್ನ ಮೊಣಕಾಲುಗಳನ್ನೂ ಬೈದಳು.

ವಸತಿ ನಿಲಯದ ಎದುರು ಗಾಡಿ ನಿಂತಿತು. ಯಾರೂ ಇಳಿಯಲಿಲ್ಲ.

ನಾಲ್ಕು ಮೆಟ್ಟಿಲ ಪಕ್ಕದಿಂದ ಹೊರಟ ಸಿಮೆಂಟಿನ ಇಳಿಜಾರು, ಕಾರು ನಿಲ್ಲುವ ಜಾಗವನ್ನು ದಾಟಿ, ಗುಲಾಬಿ ಪಾತಿಯನ್ನು ಎರಡು ಹೋಳು ಮಾಡಿ, ಯಾರ ಅವಸರವೂ ತನಗಿಲ್ಲವೆಂಬಂತೆ ಮೆಲ್ಲಗೆ ಇಳಿಯುತ್ತ ಬೇವಿನ ಮರದ ಬುಡಕ್ಕೆ ಬಂದು ನೆಲ ಮುಟ್ಟಿತ್ತು. ಎರಡೂ ಬದಿಗೆ ಹಿಡಿಕೆಯ ಕೊಳವೆ, ಅದಕ್ಕೆ ಇನ್ನೂ ಹಸಿಯಾದ ನೀಲಿ ಬಣ್ಣ. ದೊಡ್ಡ ಸಾಹೇಬರ ಕಾರು ದೂರದ ಬಿಸಿಲಿನಲ್ಲಿ ಸಿಟ್ಟುಮಾಡಿಕೊಂಡು ನಿಂತಿತ್ತು.

ಲಕ್ಷ್ಮಪ್ಪನವರು ಬೆವರು ಒರೆಸಿಕೊಳ್ಳುತ್ತ ಬಂದರು.

"ಏನ ನೂಲ ಕೊಟ್ರಿ ಯಜಮಾನ್ರ! ಬಿಚ್ಚತೀವಿ, ಬಿಚ್ಚತೀವಿ, ಮುಗೀವಲ್ದು! ಕಾರ ದಾಟಿತು, ಗುಲಾಬಿ ದಾಟಿತು. ಎಂಜಿನಿಯರ್ ಸಾಹೇಬ್ರು ಇದು ತಪ್ಪೈತಿ ಅಂದ್ರು. ನಾ ಅಂದೆ, ತಪ್ಪ ಇದ್ರ ಇರ್ಲಿ, ಲಗತ್ತಾಗೇತಿ! ಮಂಜೂರಾತಿ ಬಂದದ್ದು 'ಲಗತ್ತಿಸಿದ ನೂಲಿನ ಅಳತೆಯಂತೆ' ಅಂತ. ಆ ನೂಲು ತೆಗೀಬೇಕಂದ್ರ ಹೊಸಾ ಕಡತ, ಹೊಸಾ ಟಿಪ್ಪಣಿ, ಮೂರ ತಿಂಗಳು. ನಾಳೆ ಸಮಿತಿ ಬರ್ತೈತಿ. ಅದಕ್ಕಿಂತ ಕಾರ ತೆಗಿಯೂದ ಹಗರ ಅನ್ನಿಸ್ತು."

ನಿಜಲಿಂಗಪ್ಪ ಟೇಬಲ್ಲಿನ ಆಚೆಯ ಮನುಷ್ಯನನ್ನು ಕಂಡ ಕೂಡಲೇ ಕೈ ಜೋಡಿಸಿದ್ದ, ಟೇಬಲ್ಲು ಇಲ್ಲದಿದ್ದರೂ. "ಸಾಹೇಬ್ರ, ತಪ್ಪ ನಂದೈತ್ರಿ. ಖರೇ ಅಂದ್ರ ಆ ನೂಲು..."

ಅಷ್ಟರಲ್ಲಿ ಜಾವೀದ ಇಳಿಸಿದ ಗಾಲಿಕುರ್ಚಿಯ ಗಾಲಿಯೊಂದು ಬಂದು ಅವನ ಕಾಲಿನ ಹೆಬ್ಬೆರಳ ಮೇಲೆ ಹತ್ತಿ, ಅಲ್ಲಿಯೇ ನಿಂತಿತು.

"...ಆ ನೂಲು ಭಾಳ ಚಲೋ ನೂಲ್ರಿ" ಎಂದು ನಿಜಲಿಂಗಪ್ಪ ಮುಗಿಸಿದ.

ಗಾಲಿ ಇಳಿಯಿತು. ಅನ್ನಪೂರ್ಣ ಬೇವಿನ ಮರದ ಬುಡಕ್ಕೆ ಹೋಗಿ ಕುರ್ಚಿಯನ್ನು ತಿರುಗಿಸಿ ನಿಲ್ಲಿಸಿದಳು. ದಬ್ಬಲು ಬಂದ ಜಾವೀದನಿಗೆ ಬೇಡವೆಂದು ಕೈ ಮಾಡಿದಳು. ಒಂದು ಸಲ ತಳ್ಳಿದಳು, ಇನ್ನೊಂದು ಸಲ. ಗುಲಾಬಿ ದಾಟಿತು, ಕಾರಿನ ಜಾಗ ದಾಟಿತು. ನಡುವೆ ಒಂದು ಕಡೆ, ದಣಿವಿಗಲ್ಲ, ಸುಮ್ಮನೆ ನಿಲ್ಲಬಹುದೋ ಇಲ್ಲವೋ ನೋಡಲು, ಕೈ ಬಿಟ್ಟು ನಿಂತಳು. ಕುರ್ಚಿ ಸ್ವಲ್ಪವಷ್ಟೇ ಹಿಂದೆ ಸರಿಯಿತು, ಅವಳ ಒಂದೇ ಕೈಗೆ ನಿಂತಿತು. ಮತ್ತೆ ತಳ್ಳಿ ಮೇಲೆ ಹೋಗಿ, ಬಾಗಿಲ ಮುಂದೆ ಕುರ್ಚಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಳು.

ನಿಜಲಿಂಗಪ್ಪ ಬೇವಿನ ಬುಡದಿಂದ ಬಾಗಿಲವರೆಗೆ ಒಂದು ಸಲ ಕಣ್ಣಿನಿಂದಲೇ ಅಳೆದ.

"ನನ್ನ ಅಳತಿ ಎಂದಾದ್ರೂ ತಪ್ಪೇತೇನು?" ಎಂದ, ಮೂಗು ಒರೆಸಿಕೊಳ್ಳುತ್ತ.

ಸಾವಕ್ಕ ಮೆಟ್ಟಿಲನ್ನೂ ಇಳಿಜಾರನ್ನೂ ಸ್ವಲ್ಪ ಹೊತ್ತು ಹೋಲಿಸಿ ನೋಡಿದಳು. ಆಮೇಲೆ ಬೇವಿನ ಮರದವರೆಗೆ ನಡೆದು, ನೀಲಿ ಕೊಳವೆಗೆ ಕೈಕೊಟ್ಟು, ಹಸಿ ಬಣ್ಣದ ಪರಿವೆಯಿಲ್ಲದೆ, ಇಳಿಜಾರಿನ ಮೇಲೆ ಮದುವೆಯ ದಿಬ್ಬಣದಂತೆ ಏರಿಬಂದಳು.

"ಮೊಣಕಾಲ ನೋಯ್ಲೇ ಇಲ್ಲ! ಈ ಮೆಟ್ಟಲಾ ಯಾವಾಂವ ಕಂಡ ಹಿಡದ್ನೋ, ಅವನ ಮನಿ ಹಾಳಾಗ್ಲಿ." ಆಮೇಲೆ ತಾನು ಬಂದ ಕೆಲಸ ನೆನಪಾಗಿ ಲಕ್ಷ್ಮಪ್ಪನವರ ಕಡೆ ತಿರುಗಿದಳು. "ಸಾಹೇಬ್ರ, ನನ್ನ ನೂಲು?"

"ಕೊಡಾಕ ಬರಂಗಿಲ್ಲವಾ. ಅದು ಈಗ ಕಾಯಂ ದಾಖಲಿ."

ಸಾವಕ್ಕ ತಮ್ಮನನ್ನು ನೋಡಿದಳು. ಕುಬುಸಕ್ಕೆ ಇನ್ನೂ ಹದಿನೈದು ದಿನವಿತ್ತು. ನಿಜಲಿಂಗಪ್ಪ ಕಿಸೆಯಿಂದ ಹೊಸ ನೂಲು ತೆಗೆದ. ಅನ್ನಪೂರ್ಣ ಬಾಗಿಲ ಬಳಿ ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದು ಬೇವಿನ ಮರದವರೆಗೆ ಇಳಿದು, ಇಳಿಜಾರಿನ ಮೇಲೆ ಅಕ್ಕನ ಸೀರೆಯನ್ನು ಅಳೆದು, ಗಂಟು ಬಿಗಿದ. ಈ ಸಲ ಉಂಡೆಯನ್ನು ಕಿಸೆಗೆ ಹಾಕಲು ಸಾವಕ್ಕ ಬಿಡಲಿಲ್ಲ. ಕಸಿದುಕೊಂಡು ತನ್ನ ಚಂಚಿಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡಳು.

ಅನ್ನಪೂರ್ಣ ಕೋಣೆ ನೋಡಿಕೊಂಡು ಹೊರಗೆ ಬಂದಳು. ಕಿಟಕಿ ಚೆನ್ನಾಗಿದೆ, ಮಂಚ ತಗ್ಗಿನಲ್ಲಿದೆ, ಬಚ್ಚಲಿನ ಬಾಗಿಲು ಮಾತ್ರ ಗಾಲಿಕುರ್ಚಿಗಿಂತ ಮೂರು ಬೆರಳು ಸಣ್ಣದು. ಅದು ಸರಿಯಾಗುವವರೆಗೆ ತಮ್ಮ ಬಚ್ಚಲು ಬಳಸಲಿ, ಅದರ ಬಾಗಿಲು ಅಗಲವಿದೆ ಎಂದರು ವಾರ್ಡನ್ ಬಾಯಿ.

"ಅದಕ್ಕೇನು, ಅರ್ಜಿ ಕೊಡ್ರಿ" ಎಂದರು ಲಕ್ಷ್ಮಪ್ಪನವರು. "ಸಮಿತಿ ಹೋಗೂದ್ರಾಗ ಅದನ್ನೂ ಸೇರಿಸಿಬಿಡೂಣು. ಅಳತಿ ಲಗತ್ತ ಮಾಡಿ ಕೊಡ್ರಿ."

ನಿಜಲಿಂಗಪ್ಪ ಹುರುಪಿನಿಂದ ನೂಲು ಬಿಚ್ಚುತ್ತ ಬಚ್ಚಲಿನ ಕಡೆ ಹೊರಟ. ಅನ್ನಪೂರ್ಣ ಕುರ್ಚಿ ತಿರುಗಿಸಿ ದಾರಿಗೆ ಅಡ್ಡ ನಿಂತಳು.

"ಅಪ್ಪಾ, ನಿನ್ನ ಕೈ ಮುಗೀತೀನಿ, ಅಳೀಬ್ಯಾಡ. ಕಿಸೇದಾಗ ಕೈ ಹಾಕಿ, ಸಿಕ್ಕಿದ್ದು ತಗದ ಕೊಡು."